ಭಾಗ 2 ಕಾಣದ ಮಕ್ಕಳು: ಶಾಲಾ ಶಿಕ್ಷಣ ಇಲಾಖೆಗೊಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,
ಗ್ರಾಮೀಣಾಭಿವೃದ್ಧಿ ಮತ್ತು ಕಾರ್ಮಿಕ ಇಲಾಖೆಗಳ ಮುಖ್ಯಸ್ಥರಿಗೆ,
ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ

ವಿಷಯ: ಗುಳೆ ಹೋಗುವ ಕುಟುಂಬಗಳ ಮಕ್ಕಳ ಶಾಲೆ

ಮಾನ್ಯರೆ,

ಚೀಲದ ಭಾರ ಇಳಿಸಲು ಪಠ್ಯಪುಸ್ತಕಗಳನ್ನು ಭಾಗ 1, ಭಾಗ 2 ಎಂದು ಒಡೆದಿರಿ. ಒಳ್ಳೆಯದೇ ಆಯಿತು. ಆದರೆ ಯಾದಗಿರಿ, ಕಲಬುರಗಿ, ರಾಯಚೂರು, ವಿಜಯಪುರ ಕಡೆಯ ತಾಂಡಾ (ಲಂಬಾಣಿ ಜನವಸತಿ) ಶಾಲೆಗಳಲ್ಲಿ ಈ ಒಡೆತ ಇನ್ನೊಂದು ಸಂಗತಿಯನ್ನು ಬಯಲಿಗೆ ತಂದಿದೆ. ಭಾಗ 1 ಮುಗಿಯುವುದು ದಸರೆಯ ಹೊತ್ತಿಗೆ. ದೀಪಾವಳಿ ಕಳೆದ ವಾರದಲ್ಲಿ ಟ್ರ್ಯಾಕ್ಟರು, ಕ್ರೂಸರು ಬಂದು ಊರ ಮುಂದೆ ನಿಲ್ಲುತ್ತವೆ. ಪಾತ್ರೆ, ಹಾಸಿಗೆ, ಕೋಳಿ, ಕೂಸು ಎಲ್ಲವೂ ಏರುತ್ತವೆ. ಕಬ್ಬು ಕಡಿಯಲು ಬೆಳಗಾವಿ, ಬಾಗಲಕೋಟೆ, ಸಾಂಗ್ಲಿಯ ಕಡೆಗೆ. ಕಟ್ಟಡದ ಕೆಲಸಕ್ಕೆ ಬೆಂಗಳೂರು, ಪುಣೆ, ಗೋವಾ, ಹೈದರಾಬಾದಿಗೆ. ಬೀರುವಿನಲ್ಲಿ ಹೆಸರು ಬರೆದಿಟ್ಟ ಭಾಗ 2ರ ಪುಸ್ತಕ ಹಾಗೇ ಉಳಿಯುತ್ತದೆ. ಹೋಳಿಗೋ ಯುಗಾದಿಗೋ ಮಗು ಮರಳುವಾಗ ಸಂಕಲನಾತ್ಮಕ ಪರೀಕ್ಷೆ ಮುಗಿದಿರುತ್ತದೆ, ಇಲ್ಲವೇ ನಾಳೆ ಇರುತ್ತದೆ.

ಲೆಕ್ಕ ಸರಳ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ತರಗತಿವರೆಗೆ ವರ್ಷಕ್ಕೆ 200, ಆರರಿಂದ ಎಂಟರವರೆಗೆ 220 ಶಾಲಾ ದಿನ. ಜೂನ್‌ನಿಂದ ದಸರಾ ರಜೆವರೆಗೆ ಭಾನುವಾರ, ಹಬ್ಬ ಕಳೆದರೆ ಸಿಗುವುದು ಸುಮಾರು 90. ದಸರೆ-ದೀಪಾವಳಿ ನಡುವಿನದು ಸೇರಿಸಿ 100 ಅನ್ನೋಣ. ಅಂದರೆ ಏಳನೇ ತರಗತಿ ‘ಪಾಸಾದ’ ಮಗು ಮೂರೂವರೆ ವರ್ಷ ಕಲಿತಿದೆ, ಅದೂ ಪ್ರತಿ ವರ್ಷದ ಮೊದಲರ್ಧ ಮಾತ್ರ. ಇದನ್ನು ‘ಕಲಿಕಾ ಹಿಂದುಳಿದಿರುವಿಕೆ’ ಎಂದು ವರದಿಯಲ್ಲಿ ಬರೆಯುತ್ತಾರೆ. ಮಗು ಹಿಂದುಳಿದಿಲ್ಲ, ಅರ್ಧ ಪುಸ್ತಕ ಅದರ ಕೈಗೇ ಬಂದಿಲ್ಲ.

ಇಷ್ಟಾದರೂ ನಿಮ್ಮ ದಾಖಲೆಯಲ್ಲಿ ಈ ಮಕ್ಕಳು ಶಾಲೆಯೊಳಗೇ ಇರುತ್ತಾರೆ. ಯಾಕೆಂದರೆ ಯುಡೈಸ್ ಎಂಬ ವಾರ್ಷಿಕ ಶಾಲಾ ಎಣಿಕೆಯ ಉಲ್ಲೇಖ ದಿನ ಸೆಪ್ಟೆಂಬರ್ 30. ಗುಳೆ ಜಿಲ್ಲೆಗಳಲ್ಲಿ ವರ್ಷದಲ್ಲೇ ಊರು ಹೆಚ್ಚು ತುಂಬಿರುವ ಕಾಲ ಅದು: ಬೆಳೆ ಹೊಲದಲ್ಲಿ, ಜನ ಊರಲ್ಲಿ. ತರಗತಿ ಕೋಣೆ, ಹುದ್ದೆ, ಅನುದಾನದ ಲೆಕ್ಕವೆಲ್ಲ ಈ ತುಂಬಿದ ಊರಿನ ತಲೆ ಎಣಿಕೆಯ ಮೇಲೆ ನಿಂತಿದೆ. ಆರು ವಾರ ಕಳೆದು ನೋಡಿದರೆ ಹಾಜರಿ ಪುಸ್ತಕಕ್ಕೂ ಬೆಂಚಿಗೂ ಸಂಬಂಧವಿರುವುದಿಲ್ಲ. ಅದೇ ಮಗು ನವೆಂಬರಿನಲ್ಲಿ ಬೆಂಗಳೂರಿನ ಹೊರವಲಯದ ತಗಡಿನ ಶೆಡ್ಡಿಗೆ ಬಂದಿಳಿದಾಗ, ಪಕ್ಕದ ಸರ್ಕಾರಿ ಶಾಲೆಯ ಲೆಕ್ಕದಲ್ಲಿ ಅದು ಇಲ್ಲ. ಕಳಿಸಿದ ಕಡೆ ಇಲ್ಲದಿದ್ದರೂ ಇದೆ. ಬಂದ ಕಡೆ ಇದ್ದರೂ ಇಲ್ಲ.

ಮುಖ್ಯ ಶಿಕ್ಷಕರು ಯಾಕೆ ನಿಜ ಬರೆಯುವುದಿಲ್ಲ ಎಂದು ಗದರುವ ಮೊದಲು ಅವರ ಮೇಜಿನ ಮೇಲಿರುವ ಕಾಗದ ನೋಡಿ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು. ಐದು ತರಗತಿಯ ಒಂದು ತಾಂಡಾ ಶಾಲೆಯ ಪಟ್ಟಿಯಲ್ಲಿ 62 ಹೆಸರಿವೆ ಅನ್ನಿ. ಗುಳೆ ಹೊರಟ ಎರಡು ಮಕ್ಕಳಿಗೆ ಪ್ರಾಮಾಣಿಕವಾಗಿ ಟಿಸಿ ಕೊಟ್ಟರೆ ಮೂರನೇ ಶಿಕ್ಷಕರು ‘ಹೆಚ್ಚುವರಿ’ ಪಟ್ಟಿಗೆ ಬೀಳುತ್ತಾರೆ. ಊರಲ್ಲೇ ಉಳಿದ 60 ಮಕ್ಕಳಿಗೆ ಐದು ತರಗತಿಗೆ ಇಬ್ಬರು. ಎರಡು ಹೆಸರು ಅಳಿಸಿದ್ದಕ್ಕೆ ಅರವತ್ತು ಮಕ್ಕಳು ದಂಡ ತೆರಬೇಕು. ಇಂಥ ಕಡೆ ಯಾರೂ ಹೆಸರು ಅಳಿಸುವುದಿಲ್ಲ. ಅಳಿಸದಿರುವುದೇ ಸರಿ ಎಂದು ನಾವೂ ಹೇಳುತ್ತೇವೆ, ಏಕೆಂದರೆ ಮಗು ಆರು ತಿಂಗಳಲ್ಲಿ ಮರಳಿ ಬರಲಿದೆ.

ಇನ್ನೊಂದು ತುದಿಯಲ್ಲಿ ಮಕ್ಕಳ ದಾಖಲಾತಿ ಇಡುವ ಇಲಾಖೆಯ ತಂತ್ರಾಂಶ ಎಸ್‌ಎಟಿಎಸ್ ಇದೆ. ಮಗುವಿಗೊಂದು ಸಂಖ್ಯೆ, ಒಂದೇ ಶಾಲೆ. ಹಳೆಯ ಶಾಲೆ ಬಿಡುಗಡೆ ಮಾಡದೆ ಹೊಸ ಶಾಲೆ ಅದನ್ನು ತನ್ನ ಪಟ್ಟಿಗೆ ಎಳೆದುಕೊಳ್ಳಲಾಗದು. ಪಟ್ಟಿಗೆ ಬಾರದ ಮಗುವಿಗೆ ಅಕ್ಕಿ, ಮೊಟ್ಟೆ, ಪುಸ್ತಕ, ಸಮವಸ್ತ್ರದ ಲೆಕ್ಕವಿಲ್ಲ. ಹಾಗಾಗಿ ಬೆಂಗಳೂರಿನ ಮುಖ್ಯ ಶಿಕ್ಷಕರು ಮೇಸ್ತ್ರಿಯ ಜೊತೆ ಬಂದ ತಾಯಿಗೆ ಹೇಳುವ ಮಾತು ಎಲ್ಲ ಕಡೆ ಒಂದೇ: “ಟಿಸಿ ತಗೊಂಬಾ ಅಮ್ಮಾ.” ಟಿಸಿ ತರಲು ಎರಡು ದಿನದ ಕೂಲಿ, ಹೋಗಿ ಬರುವ ಬಸ್ಸು, ನಡುವೆ ಭಾನುವಾರ. ಆಕೆ ಮತ್ತೆ ಬರುವುದಿಲ್ಲ. ಟಿಸಿ ತಡವಾಯಿತೆಂದು ಸೇರಿಸಿಕೊಳ್ಳದೆ ಇರಬಾರದು ಎಂದು 2009ರ ಅದೇ ಕಾಯ್ದೆಯ 5ನೇ ಕಲಂ ಸ್ಪಷ್ಟವಾಗಿ ಹೇಳಿದೆ. ವಲಸೆ ಕುಟುಂಬಗಳ ಮಕ್ಕಳ ದಾಖಲಾತಿ ಸ್ಥಳೀಯ ಪ್ರಾಧಿಕಾರದ ಕರ್ತವ್ಯ ಎಂದು 9ನೇ ಕಲಂ ಹೇಳಿದೆ. ಕಲಂ ಎರಡೂ ಸರಿಯಾಗಿವೆ. ತಂತ್ರಾಂಶಕ್ಕೆ ಮಾತ್ರ ಕಾಯ್ದೆ ಓದಲು ಬರುವುದಿಲ್ಲ.

ಆದ್ದರಿಂದ ನಮ್ಮ ಮೊದಲ ಬೇಡಿಕೆಗೆ ಒಂದು ರೂಪಾಯಿ ಕಟ್ಟಡವೂ ಬೇಡ. ಎಸ್‌ಎಟಿಎಸ್‌ನಲ್ಲಿ ‘ಅತಿಥಿ ದಾಖಲಾತಿ’ ಎಂಬ ಒಂದು ಗುಂಡಿ ಕೊಡಿ. ಮಗುವಿನ ಹೆಸರು ತಾಯಿಶಾಲೆಯಲ್ಲೇ ಇರಲಿ, ಹುದ್ದೆಯ ಲೆಕ್ಕಕ್ಕೆ ಧಕ್ಕೆ ಬಾರದಿರಲಿ. ಬಂದ ಊರಿನ ಶಾಲೆ ಎಸ್‌ಎಟಿಎಸ್ ಸಂಖ್ಯೆ ಒತ್ತಿದ ದಿನದಿಂದ ಹಾಜರಿ, ಊಟ, ಮೊಟ್ಟೆ, ಪುಸ್ತಕ ಅಲ್ಲಿ ಲೆಕ್ಕವಾಗಲಿ. ತಾಯಿಶಾಲೆಯ ಊಟದ ಲೆಕ್ಕದಿಂದ ಅದೇ ದಿನ ಇಳಿಯಲಿ. ಸಂಖ್ಯೆ ಗೊತ್ತಿಲ್ಲದಿದ್ದರೆ ಊರು, ತಂದೆಯ ಹೆಸರು, ತರಗತಿ ಹಾಕಿ ಹುಡುಕುವ ಹಾಗಿರಲಿ, ಯಾಕೆಂದರೆ ಗಂಟು ಮೂಟೆಯಲ್ಲಿ ಕಾಗದ ಉಳಿಯುವುದಿಲ್ಲ. ಮಗು ಮರಳಿದಾಗ ಅತಿಥಿ ಶಾಲೆಯ ಹಾಜರಿ ತಾಯಿಶಾಲೆಯ ಹಾಜರಿಗೆ ತಾನಾಗಿ ಕೂಡಿಕೊಳ್ಳಲಿ. ಜೊತೆಗೆ ಜನವರಿ 15ಕ್ಕೆ ಎರಡನೇ ಎಣಿಕೆ. ಸೆಪ್ಟೆಂಬರ್ 30ರ ಸಂಖ್ಯೆಯನ್ನು ಜನವರಿಯ ಸಂಖ್ಯೆಯ ಪಕ್ಕ ಇಟ್ಟರೆ ಗುಳೆಯ ನಕ್ಷೆ ಶಾಲೆಗಳ ಗುಂಪುವಾರು, ಅಂದರೆ ಕ್ಲಸ್ಟರ್‌ವಾರು ತಾನೇ ಮೂಡುತ್ತದೆ. ಬೇರೆ ಸಮೀಕ್ಷೆ ಬೇಕಿಲ್ಲ.

ಎರಡನೆಯದು ಕ್ಯಾಲೆಂಡರಿನ ಮಾತು, ಈ ಪತ್ರ ಬರೆಯಲು ಮುಖ್ಯ ಕಾರಣವೂ ಅದೇ. ಕಬ್ಬಿನ ಮುಕಾದಮ, ಅಂದರೆ ಕೂಲಿಗಳನ್ನು ಒದಗಿಸುವ ಗುತ್ತಿಗೆದಾರ, ಗಂಡ-ಹೆಂಡತಿ ಜೋಡಿಗೆ ಮುಂಗಡ ಕೊಡುವುದು ಮಳೆಗಾಲದಲ್ಲಿ. ಮನೆಯಲ್ಲಿ ಕಾಳು ಮುಗಿದು, ಬೀಜ-ಗೊಬ್ಬರದ ಸಾಲ ತಲೆ ಮೇಲಿರುವಾಗ. ಜೋಡಿಗೆ ಮಹಾರಾಷ್ಟ್ರದ ಕಡೆ ‘ಕೊಯ್ತಾ’ ಎನ್ನುತ್ತಾರೆ. ಎರಡು ದೇಹ ಸೇರಿ ಒಂದು ಕುಡುಗೋಲು. ಮುಂಗಡ ತೆಗೆದುಕೊಂಡವರು ಹೋಗಲೇಬೇಕು. ಅಂದರೆ ಯಾವ ಮನೆ ಯಾವಾಗ ಎಲ್ಲಿಗೆ ಹೋಗುತ್ತದೆ ಎಂಬ ಪಟ್ಟಿ ಮುಕಾದಮನ ಕಿಸೆಯಲ್ಲಿ ಆಗಸ್ಟ್‌ನಲ್ಲೇ ಸಿದ್ಧವಿರುತ್ತದೆ. ಇಲಾಖೆಯ ‘ಶಾಲೆ ಬಿಟ್ಟ ಮಕ್ಕಳ’ ಪಟ್ಟಿ ಆಗುವುದು ಮಕ್ಕಳು ಹೋದ ಮೇಲೆ. ದಾಖಲಾತಿ ಆಂದೋಲನ ಜೂನ್‌ನಲ್ಲಿ, ಎಲ್ಲರೂ ಊರಲ್ಲೇ ಇರುವಾಗ. ಮಕ್ಕಳ ಗ್ರಾಮ ಸಭೆ ನಡೆಯುವುದು ಸಾಮಾನ್ಯವಾಗಿ ನವೆಂಬರ್ 14ರ ನಂತರ, ಯಾರ ಬಗ್ಗೆ ಮಾತಾಡಬೇಕೋ ಆ ಮಕ್ಕಳು ಹೊರಟುಹೋದ ಮೇಲೆ. ವೇದಿಕೆ ಮೇಲೆ ಚೆನ್ನಾಗಿ ಮಾತಾಡುವ ಮಕ್ಕಳು ಆಟದ ಮೈದಾನಕ್ಕೆ ಕಾಂಪೌಂಡ್ ಕೇಳುತ್ತಾರೆ, ಸಭೆ ಮುಗಿಯುತ್ತದೆ.

ಪಟ್ಟಿ ಆಗಸ್ಟ್‌ನಲ್ಲಾಗಬೇಕು. ಮಾಡುವವರು ಮೂವರು ಸಾಕು: ಶಾಲೆಯ ಒಬ್ಬ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಗ್ರಂಥಪಾಲಕರು. ಕಳೆದ ವರ್ಷ ಯಾರು ಹೋಗಿದ್ದರು ಎಂಬುದು ಹಾಜರಿ ಪುಸ್ತಕದಲ್ಲೇ ಇದೆ: ನವೆಂಬರಿನಿಂದ ಫೆಬ್ರುವರಿವರೆಗೆ ಒಂದೇ ಶಾಯಿಯಲ್ಲಿ, ಒಂದೇ ಕೂರುವಿಕೆಯಲ್ಲಿ ತುಂಬಿದ ಸಾಲುಗಳನ್ನು ಗುರುತಿಸಿದರೆ ಮುಕ್ಕಾಲು ಪಟ್ಟಿ ಸಿಕ್ಕಿತು. ಉಳಿದದ್ದಕ್ಕೆ ಮನೆಗೆ ಹೋಗಿ ಕೇಳಬೇಕಾದ ಪ್ರಶ್ನೆ ಐದೇ. ಯಾವ ಹಬ್ಬ ಕಳೆದು ಹೊರಡುತ್ತೀರಿ, ಯಾವ ಊರಿಗೆ, ಯಾರ ಕೈಕೆಳಗೆ, ಯಾವ ಮಕ್ಕಳು ಜೊತೆಗೆ, ಊರಲ್ಲಿ ಉಳಿಯುವ ಹಿರಿಯರು ಯಾರು. “ಮಗುವನ್ನು ಶಾಲೆ ಬಿಡಿಸುತ್ತೀರಾ” ಎಂದು ಕೇಳಬೇಡಿ. ಎಲ್ಲರೂ ಇಲ್ಲ ಎನ್ನುತ್ತಾರೆ, ಅದು ಅವರ ಮಟ್ಟಿಗೆ ಸತ್ಯವೂ ಹೌದು. ಕೊನೆಯ ಪ್ರಶ್ನೆಯ ಉತ್ತರ ಎಲ್ಲಕ್ಕಿಂತ ಬೆಲೆಯುಳ್ಳದ್ದು, ಯಾಕೆಂದರೆ ಅದರ ಮೇಲೇ ಮುಂದಿನ ಖರ್ಚೆಲ್ಲ ನಿಂತಿದೆ.

ಅಜ್ಜಿಯೋ ತಾತನೋ ಊರಲ್ಲಿ ಉಳಿಯುವ ಮನೆಯ ಮಗುವಿಗೆ ಹಾಸ್ಟೆಲ್ ಬೇಡ. ಅದಕ್ಕೆ ಬೇಕಾದದ್ದು ಸಂಜೆಯ ಊಟ ಮತ್ತು ಕತ್ತಲಾದ ಮೇಲೆ ಎರಡು ಗಂಟೆ ಕೂರಲು ಬೆಳಕಿರುವ ಜಾಗ. ಕಣ್ಣು ಮಂಜಾದ ಅಜ್ಜಿ ಮೂರು ಮೊಮ್ಮಕ್ಕಳಿಗೆ ರೊಟ್ಟಿ ಬಡಿಯಲಾರಳು. ಆ ಒಂದು ಕಾರಣಕ್ಕೇ ತಾಯಿ ಮಕ್ಕಳನ್ನು ಟ್ರ್ಯಾಕ್ಟರಿಗೆ ಹತ್ತಿಸುತ್ತಾಳೆ. ಶಾಲೆಯ ಅಡುಗೆಮನೆ ಮಧ್ಯಾಹ್ನ ಎರಡಕ್ಕೆ ತೊಳೆದು ಬೀಗ ಬೀಳುತ್ತದೆ. ಅದನ್ನೇ ಸಂಜೆ ಆರಕ್ಕೆ ಮತ್ತೆ ತೆರೆಯಿರಿ, ಒಬ್ಬ ಅಡುಗೆಯವರಿಗೆ ಐದು ತಿಂಗಳ ಹೆಚ್ಚುವರಿ ಸಂಭಾವನೆ ಕೊಡಿ. ಒಂದು ತಾಂಡಾದಲ್ಲಿ 40 ಮಕ್ಕಳು ಗುಳೆ ಪಟ್ಟಿಯಲ್ಲಿದ್ದರೆ ಅವರಲ್ಲಿ ಒಂದು ಪಾಲಿನವರು ಇಷ್ಟಕ್ಕೇ ಉಳಿಯುತ್ತಾರೆ. ಇಷ್ಟು ಅಗ್ಗದ ದಾರಿಯನ್ನು ಹಿಡಿಯದಿರಲು ನಮಗೆ ತೋರುವ ಕಾರಣ ಒಂದೇ: ಇದಕ್ಕೆ ಉದ್ಘಾಟನೆ ಇಲ್ಲ.

ಮನೆಯಲ್ಲಿ ಹಿರಿಯರಿಲ್ಲದ ಮಕ್ಕಳಿಗೆ ಋತುಮಾನದ ವಸತಿ ನಿಲಯ ಬೇಕೇ ಬೇಕು. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಗಳ ಮೆಟ್ರಿಕ್‌ಪೂರ್ವ ಹಾಸ್ಟೆಲ್‌ಗಳು ಐದನೇ ತರಗತಿಯಿಂದ ಮೇಲಿನವರಿಗೆ, ಮತ್ತು ಪ್ರವೇಶ ವರ್ಷದ ಆರಂಭಕ್ಕೆ. ಮೊರಾರ್ಜಿ ಶಾಲೆಗೆ ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಬರೆಯಬೇಕು; ಅರ್ಧ ಪುಸ್ತಕ ಓದಿದ ಮಗು ಅಲ್ಲಿ ಯಾರ ಜೊತೆ ಸ್ಪರ್ಧೆ ಮಾಡುತ್ತದೆ? ಎಂಟು, ಒಂಬತ್ತು ವರ್ಷದವರಿಗೆ ಇವೆರಡರಲ್ಲೂ ಜಾಗವಿಲ್ಲ. ಒಡಿಶಾದ ನುವಾಪಡಾ, ಬಲಾಂಗೀರ್ ಜಿಲ್ಲೆಗಳು ಇಟ್ಟಿಗೆ ಭಟ್ಟಿಗೆ ಹೋಗುವವರ ಮಕ್ಕಳಿಗಾಗಿ ಶಾಲೆಯ ಕೋಣೆಗಳಲ್ಲೇ ಇಂಥ ನಿಲಯ ನಡೆಸಿ ತೋರಿಸಿವೆ. ನಮ್ಮಲ್ಲೂ ನಡೆದಿವೆ, ನಡೆದು ನಿಂತಿವೆ. ನಿಂತದ್ದು ಯಾಕೆ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನ ಆದೇಶದಲ್ಲೂ ಅದೇ ತಪ್ಪುಗಳಿರುತ್ತವೆ ಎಂಬ ಭಯ ನಮಗಿದೆ.

ಮೊದಲ ತಪ್ಪು ದಿನಾಂಕದ್ದು. ಡಿಸೆಂಬರ್ ಕೊನೆಗೋ ಜನವರಿಗೋ ತೆರೆದ ನಿಲಯ ಗುಳೆ ಮಕ್ಕಳಿಗೆ ಅಲ್ಲ, ಆ ಹೊತ್ತಿಗೆ ಊರಲ್ಲಿ ಉಳಿದವರಿಗೆ. ತಾಯಿ ಹೊರಡುವ ಮೊದಲು ಮಗು ಅಲ್ಲಿ ಮೂರು ರಾತ್ರಿ ಮಲಗಿರಬೇಕು, ತಾಯಿ ಬಂದು ಹಾಸಿಗೆ, ಬಚ್ಚಲು, ಅಡುಗೆ ಕಣ್ಣಾರೆ ನೋಡಿರಬೇಕು. ಹಾಗಾಗಿ ದೀಪಾವಳಿಗೆ ಹತ್ತು ದಿನ ಮೊದಲೇ ಬಾಗಿಲು ತೆರೆಯಬೇಕು. ಅದಕ್ಕೆ ಹಣ ಸೆಪ್ಟೆಂಬರಿನಲ್ಲಿ ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ಖಾತೆಯಲ್ಲಿರಬೇಕು. ಹಣ ಹಿಂದಿನಿಂದ ಬರುತ್ತದೆ ಎಂದರೆ ಮುಖ್ಯ ಶಿಕ್ಷಕರು ಕಿರಾಣಿ ಅಂಗಡಿಯಲ್ಲಿ ಸಾಲ ಬರೆಸಬೇಕು. ಒಂದು ತಿಂಗಳು ಬರೆಸುತ್ತಾರೆ, ಎರಡನೇ ತಿಂಗಳು ಅಂಗಡಿಯವರು ಮುಖ ತಿರುಗಿಸುತ್ತಾರೆ, ಸಂಕ್ರಾಂತಿ ರಜೆಗೆಂದು ಮುಚ್ಚಿದ ನಿಲಯ ಮತ್ತೆ ತೆರೆಯುವುದಿಲ್ಲ.

ಎರಡನೆಯದು ಹೆಂಗಸು. ರಾತ್ರಿ ಅಲ್ಲೇ ಮಲಗುವ, ಊರಿಗೆ ಪರಿಚಯದ ಮಹಿಳಾ ಮೇಲ್ವಿಚಾರಕಿ ಇಲ್ಲದಿದ್ದರೆ ಹತ್ತು ವರ್ಷ ದಾಟಿದ ಒಂದು ಹೆಣ್ಣುಮಗುವನ್ನೂ ಬಿಡುವುದಿಲ್ಲ, ಬಿಡಬೇಕೆಂದು ನಾವೂ ಹೇಳುವುದಿಲ್ಲ. 50 ಮಕ್ಕಳಿಗೆ ಇಬ್ಬರು ಮೇಲ್ವಿಚಾರಕರು, ಅವರಲ್ಲಿ ಒಬ್ಬರು ಕಡ್ಡಾಯವಾಗಿ ಮಹಿಳೆ; ಇಬ್ಬರು ಅಡುಗೆಯವರು; ಹೆಣ್ಣುಮಕ್ಕಳ ಕೋಣೆಗೆ ಒಳಗಿನ ಚಿಲಕ, ಶೌಚಾಲಯಕ್ಕೆ ಹೋಗುವ ದಾರಿಗೆ ದೀಪ. ಶಾಲೆಯ ಶೌಚಾಲಯ ಹಗಲಿನ ಬಳಕೆಗೆ ಕಟ್ಟಿದ್ದು. ಬೆಳಗ್ಗೆ ಆರರಿಂದ ಏಳರೊಳಗೆ 50 ಮಕ್ಕಳು ಸಾಲು ನಿಂತಾಗ ಅದರ ನಿಜ ಬಣ್ಣ ತಿಳಿಯುತ್ತದೆ. ಹತ್ತು ಮಕ್ಕಳಿಗೆ ಒಂದರಂತೆ ಶೌಚಾಲಯ, ಸಾವಿರ ಲೀಟರಿನ ಎರಡು ಟ್ಯಾಂಕು, ಬಿಸಿನೀರಿಗೆ ಒಂದು ಒಲೆ ಇಲ್ಲದೆ ಶುರು ಮಾಡಬೇಡಿ. ಮೂರನೇ ವಾರಕ್ಕೆ ಕಜ್ಜಿ, ಹೇನು ಬರುತ್ತವೆ. ಒಂದು ಮಗುವಿಗೆ ಮುಲಾಮು ಹಚ್ಚಿದರೆ ಪ್ರಯೋಜನವಿಲ್ಲ. ಒಂದೇ ದಿನ ಎಲ್ಲ ಮಕ್ಕಳಿಗೂ ಹಚ್ಚಿ, ಅದೇ ದಿನ ಎಲ್ಲ ಹೊದಿಕೆ, ಬಟ್ಟೆ ಬಿಸಿನೀರಿಗೆ ಹಾಕಿ ಬಿಸಿಲಿಗೆ ಒಣಗಿಸಬೇಕು. ಆಶಾ ಕಾರ್ಯಕರ್ತೆಗೆ ಇದು ಗೊತ್ತು; ಆಕೆಯನ್ನು ಕರೆಯಲು ಯಾರಿಗೂ ನೆನಪಾಗುವುದಿಲ್ಲ, ಅಷ್ಟೇ.

ಮೂರನೆಯದು ಊಟ. ಶಾಲೆಯ ದಿನಗಳಲ್ಲಿ ಮಧ್ಯಾಹ್ನದ ಊಟದ ಖರ್ಚು ಅಕ್ಷರ ದಾಸೋಹದಲ್ಲೇ ಇದೆ: ಐದನೇ ತರಗತಿವರೆಗೆ ತಲೆಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, ಆರರಿಂದ ಎಂಟರವರಿಗೆ 150 ಮತ್ತು 30. ನಿಲಯ ಹೊಸದಾಗಿ ಹೊಂದಿಸಬೇಕಾದದ್ದು ಬೆಳಗಿನ ತಿಂಡಿ, ರಾತ್ರಿ ಊಟ, ಭಾನುವಾರದ ಮೂರು ಹೊತ್ತು. ಅಂದಾಜು ಪತ್ರಿಕೆ ಮಾಡುವವರು ಭಾನುವಾರ ಮರೆಯುತ್ತಾರೆ. ತಿಂಗಳಿಗೆ ನಾಲ್ಕು ಭಾನುವಾರ, ಹಬ್ಬದ ರಜೆ ಸೇರಿ ಐದು ತಿಂಗಳಲ್ಲಿ ಸುಮಾರು 30 ದಿನದ ಮಧ್ಯಾಹ್ನದ ಊಟ ಆಕಾಶದಿಂದ ಬೀಳಬೇಕಾಗುತ್ತದೆ. ಇನ್ನೂ ಒಂದು: ಜೋಳದ ರೊಟ್ಟಿ ತಿಂದು ಬೆಳೆದ ಮಕ್ಕಳಿಗೆ ಮೂರು ಹೊತ್ತೂ ಅನ್ನ-ಸಾರು ಹಾಕಿದರೆ ವಾರದೊಳಗೆ ಒಂದೊಂದಾಗಿ ಓಡಿಹೋಗುತ್ತವೆ. 50 ಮಕ್ಕಳಿಗೆ ರಾತ್ರಿ ನೂರು ರೊಟ್ಟಿ ಬೇಕು, ಅಷ್ಟು ಬಡಿಯುವುದು ಇಬ್ಬರು ಅಡುಗೆಯವರ ಕೈಯಲ್ಲಿ ಆಗದ ಕೆಲಸ. ಆದರೆ ಈ ಜಿಲ್ಲೆಗಳ ಪ್ರತಿ ಹೋಬಳಿಯಲ್ಲೂ ರೊಟ್ಟಿ ಬಡಿದು ಮಾರುವ ಮಹಿಳೆಯರಿದ್ದಾರೆ. ಅವರಿಂದ ಕೊಳ್ಳುವ ಅನುಮತಿ ಆದೇಶದಲ್ಲಿ ಒಂದು ಸಾಲಿನಲ್ಲಿ ಇದ್ದರೆ ಸಾಕು. ಇಲ್ಲದಿದ್ದರೆ ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ.

ಭಾನುವಾರ ಸಂಜೆ ತಾಯಿಗೆ ಫೋನ್ ಮಾಡಲು ಒಂದು ಮೊಬೈಲ್, ತಲೆಗೆ ಐದು ನಿಮಿಷ. ಇದನ್ನು ಸೌಲಭ್ಯ ಎಂದು ಬರೆಯಬೇಡಿ, ನಿಲಯದ ಅಡಿಪಾಯ ಎಂದು ಬರೆಯಿರಿ.

ಆರು-ಏಳು ವರ್ಷದವರನ್ನು ತಾಯಿಯಿಂದ ಬೇರ್ಪಡಿಸಬಾರದು. ಅವರು ಜೊತೆಗೇ ಹೋಗುತ್ತಾರೆ, ಆದ್ದರಿಂದ ಶಾಲೆ ಅವರು ಹೋದ ಕಡೆ ಸಿಗಬೇಕು. ಇಲ್ಲಿ ನಿಜವಾದ ಅಡ್ಡಿ ಕಾಗದಕ್ಕಿಂತ ಮುಂಚೆ ಬರುತ್ತದೆ: ಶೆಡ್ಡಿನಲ್ಲಿರುವ ಎರಡು ವರ್ಷದ ತಮ್ಮ. ತಾಯಿ ಎಂಟಕ್ಕೆ ಕಲ್ಲು ಹೊರಲು ಹೋದರೆ ಕೂಸು ಎತ್ತುವವಳು ಒಂಬತ್ತು ವರ್ಷದ ಅಕ್ಕ. ಅವಳನ್ನು ಶಾಲೆಗೆ ಕರೆತರಬೇಕೆಂದರೆ ಮೊದಲು ಕೂಸಿಗೆ ಜಾಗ ಬೇಕು. ನಿಮ್ಮದೇ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆದಿದೆ. ಕೂಸುಗಳು ಗುಳೆ ಹೋದ ಊರಲ್ಲಿ ಆ ಮನೆ ಖಾಲಿ, ಕೂಸುಗಳು ಬಂದ ನಗರದಲ್ಲಿ ಮನೆಯೇ ಇಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು 1996ರ ಕಾಯ್ದೆಯಿಂದ ನಿರ್ಮಾಣ ವೆಚ್ಚದ ಮೇಲೆ ಶೇ 1ರಷ್ಟು ಸೆಸ್ ಸಂಗ್ರಹವಾಗುತ್ತ ಬಂದಿದೆ. ಆ ಹಣಕ್ಕೆ ಇದಕ್ಕಿಂತ ನೇರವಾದ ಬಳಕೆ ನಮಗೆ ತೋಚುವುದಿಲ್ಲ. ದೊಡ್ಡ ವಸತಿ ಸಮುಚ್ಚಯಕ್ಕೆ ಕೆಲಸ ಆರಂಭಿಸುವ ಅನುಮತಿ ಕೊಡುವಾಗಲೇ ಮೂರು ಷರತ್ತು ಹಾಕಿ: ಕಾರ್ಮಿಕರ ಶೆಡ್ಡಿನಲ್ಲಿ ಕೂಸುಗಳಿಗೆ ನೆರಳಿರುವ ಒಂದು ಕೋಣೆ, ತಿಂಗಳಿಗೊಮ್ಮೆ 14 ವರ್ಷದೊಳಗಿನವರ ಪಟ್ಟಿ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ, ಮತ್ತು ಹೆದ್ದಾರಿ ದಾಟಬೇಕಾದ ಕಡೆ ಶಾಲೆಗೆ ಕರೆದೊಯ್ಯುವ ವಾಹನ. ಸೀಮೆಂಟು ತರಲು ದಿನಕ್ಕೆ ಹತ್ತು ಲಾರಿ ಬರುವ ಜಾಗಕ್ಕೆ ಒಂದು ವ್ಯಾನು ದೊಡ್ಡದಲ್ಲ.

ಕಬ್ಬಿನ ಗದ್ದೆಯ ಕತೆ ಬೇರೆ. ಗ್ಯಾಂಗು ಒಂದು ಗದ್ದೆಯಿಂದ ಇನ್ನೊಂದಕ್ಕೆ ಸರಿಯುತ್ತಲೇ ಇರುತ್ತದೆ. ಅಲ್ಲಿ ಸ್ಥಿರ ಶಾಲೆಗಿಂತ ಕಾರ್ಖಾನೆಯೇ ಸರಿಯಾದ ಹಿಡಿ: ಯಾವ ಗ್ಯಾಂಗು ಇವತ್ತು ಯಾವ ಊರಿನಲ್ಲಿ ಕಡಿಯುತ್ತಿದೆ ಎಂಬುದು ಕಬ್ಬು ವಿಭಾಗದ ಸಿಬ್ಬಂದಿಗೆ ಗೊತ್ತಿರುತ್ತದೆ. ಆ ಪಟ್ಟಿ ವಾರಕ್ಕೊಮ್ಮೆ ಆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಬರಲಿ. ಗಡಿ ದಾಟಿದವರಿಗೆ ಮಾತಿನ ತೊಡಕೂ ಇದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ಕನ್ನಡ ಮಾಧ್ಯಮದ ಶಾಲೆಗಳಿವೆ, ಮುಂಬೈ ಪಾಲಿಕೆಯಲ್ಲೂ ಇವೆ; ಸಾತಾರಾದ ಗದ್ದೆಯ ಪಕ್ಕ ಇರುವುದು ಮರಾಠಿ ಶಾಲೆ ಮಾತ್ರ. ಮಹಾರಾಷ್ಟ್ರ ತನ್ನ ವಲಸೆ ಮಕ್ಕಳ ಕೈಗೆ ಶಿಕ್ಷಣ ಖಾತರಿ ಪತ್ರ ಕೊಟ್ಟು ಕಳಿಸುವ ಪದ್ಧತಿ ಮಾಡಿಕೊಂಡಿದೆ. ಎರಡು ರಾಜ್ಯಗಳು ಪರಸ್ಪರರ ಪತ್ರ ಒಪ್ಪುವ ಒಂದು ಒಡಂಬಡಿಕೆ ಸಾಕು. ಗಡಿ ತಕರಾರಿಗೆ ಇಷ್ಟು ವರ್ಷ ಕೂತ ಮೇಜಿನ ಮೇಲೆ ಈ ಕಾಗದಕ್ಕೂ ಜಾಗ ಸಿಗಬೇಕು. ಇತ್ತ ನಮ್ಮಲ್ಲಿಗೆ ಬರುವ ಒಡಿಯಾ, ಬಂಗಾಳಿ ಮಕ್ಕಳಿಗೂ ಇದೇ ತೊಡಕು. ಕೇರಳದ ಎರ್ನಾಕುಳಂ ಜಿಲ್ಲೆಯ ‘ರೋಶನಿ’ ಯೋಜನೆ ಇಂಥ ಮಕ್ಕಳಿಗೆ ಬೆಳಗಿನ ಉಪಾಹಾರ ಕೊಟ್ಟು, ಅವರ ಭಾಷೆ ಬಲ್ಲವರನ್ನು ತರಗತಿಯಲ್ಲಿಟ್ಟು ಮಾಡಿದ ಕೆಲಸವನ್ನು ನಮ್ಮ ಅಧಿಕಾರಿಗಳು ಹೋಗಿ ನೋಡಿ ಬರಲಿ.

ಪಾಠದ ಬಗ್ಗೆ ಹೇಳಬೇಕೆಂದರೆ, ಗುಳೆ ಮಕ್ಕಳಿಗೆ ಹೇಳಿ ಮಾಡಿಸಿದ ಪದ್ಧತಿ ಈಗಾಗಲೇ ನಿಮ್ಮ ಬೀರುವಿನಲ್ಲಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ‘ತಟ್ಟೆ’ ಎಂದು ಕರೆಯುವ ಗುಂಪುಗಳಲ್ಲಿ ಕೂರುತ್ತಾರೆ. ಪ್ರತಿ ಮಗು ಕಲಿಕಾ ಏಣಿಯಲ್ಲಿ ತನ್ನ ಮೈಲಿಗಲ್ಲಿನಲ್ಲಿರುತ್ತದೆ. ಐದು ತಿಂಗಳು ಬಿಟ್ಟು ಬಂದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು, ತರಗತಿ ಮುಂದೆ ಹೋಯಿತೆಂಬ ಮಾತೇ ಇಲ್ಲ. ಆದರೆ ನಾಲ್ಕನೇ ತರಗತಿಗೆ ಏಣಿ ತೆಗೆದು ಪುಸ್ತಕ ಕೊಡುತ್ತೇವೆ, ಅಲ್ಲಿಂದ ಮುಂದೆ ತರಗತಿ ಓಡುತ್ತದೆ, ಮಗು ಹಿಂದೆ ನಿಲ್ಲುತ್ತದೆ. ಗುಳೆ ಕ್ಲಸ್ಟರ್‌ಗಳಲ್ಲಿ ಕನ್ನಡ ಮತ್ತು ಗಣಿತಕ್ಕೆ ಮಾತ್ರ ಏಳನೇ ತರಗತಿವರೆಗೂ ಏಣಿ ಮುಂದುವರಿಸಿ. ಹೊರಡುವ ಮಗುವಿನ ಕೈಗೆ ಪ್ರಗತಿ ನೋಟದ (ಮಗು ಯಾವ ಮೆಟ್ಟಿಲಲ್ಲಿದೆ ಎಂದು ತೋರಿಸುವ ಪಟ್ಟಿ) ಒಂದು ಪ್ರತಿ, ಅದರ ಮೇಲೆ ಎಸ್‌ಎಟಿಎಸ್ ಸಂಖ್ಯೆ ದಪ್ಪಗೆ, ಪ್ಲಾಸ್ಟಿಕ್ ಹೊದಿಕೆ ಹಾಕಿ ಕೊಡಿ. ಭಾಗ 2ರ ಪುಸ್ತಕ ದಸರಾ ರಜೆಗೆ ಮೊದಲೇ ಕೊಡಿ. ಇಷ್ಟಕ್ಕೆ ಆದೇಶ ಬೇಡ, ಗೋದಾಮಿನಿಂದ ಪುಸ್ತಕ ಆಗಸ್ಟ್ ಕೊನೆಗೆ ಹೊರಟರೆ ಆಯಿತು.

ಪ್ರೌಢಶಾಲೆಯ ಮಾತು ಚಿಕ್ಕದು, ಕಹಿ. ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 14 ವರ್ಷಕ್ಕೆ ನಿಲ್ಲುತ್ತದೆ, ಮುಂಗಡದ ಲೆಕ್ಕದಲ್ಲಿ ಪೂರ್ತಿ ಕೂಲಿ ಶುರುವಾಗುವ ವಯಸ್ಸೂ ಅದರ ಆಸುಪಾಸಿನದೇ. ಎಸ್‌ಎಸ್‌ಎಲ್‌ಸಿಗೆ ಶೇ 75 ಹಾಜರಿ ಬೇಕು. ನವೆಂಬರಿಗೆ ಹೋಗಿ ಮಾರ್ಚಿಗೆ ಬರುವವರಿಗೆ ಅದು ಗಣಿತದ ಪ್ರಕಾರವೇ ಅಸಾಧ್ಯ. ಅತಿಥಿ ದಾಖಲಾತಿಯ ಹಾಜರಿ ಇಲ್ಲೂ ಕೂಡುವಂತಾದರೆ ಅರ್ಧ ಗಂಟು ಬಿಚ್ಚಿತು. ಉಳಿದರ್ಧಕ್ಕೆ ಒಂಬತ್ತು, ಹತ್ತನೇ ತರಗತಿಯವರಿಗೆ ತಾಲ್ಲೂಕು ಹಾಸ್ಟೆಲ್‌ಗಳಲ್ಲಿ ಅಕ್ಟೋಬರ್‌ನಲ್ಲಿ ಎರಡನೇ ಸುತ್ತಿನ ಪ್ರವೇಶ ಬೇಕು. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಟಿಕೆಟ್ ಉಳಿದಿದೆ ನಿಜ, ಆದರೆ ತಾಂಡಾಕ್ಕೆ ಬಸ್ಸು ಬಂದರೆ ತಾನೆ.

ಹಣ ಎಲ್ಲಿಂದ ಎಂದು ಕೇಳುತ್ತೀರಿ. ಋತುಮಾನದ ನಿಲಯ ಕೇಂದ್ರ-ರಾಜ್ಯಗಳ ಸಮಗ್ರ ಶಿಕ್ಷಣ ಯೋಜನೆಯ ಒಳಗೇ ಬರುವ ಬಾಬತ್ತು, ಕೇಂದ್ರದ ಪಾಲು 60, ರಾಜ್ಯದ್ದು 40. ಅನುಮೋದನೆ, ಕಂತು, ಬಿಡುಗಡೆ ಎಂದು ಆ ಹಣ ಸೆಪ್ಟೆಂಬರಿಗೆ ಕೈ ಸೇರದಿದ್ದರೆ ಕಲ್ಯಾಣ ಕರ್ನಾಟಕ ಮಂಡಳಿ ಮುಂಗಡವಾಗಿ ಕೊಟ್ಟು ಆಮೇಲೆ ಹೊಂದಿಸಿಕೊಳ್ಳಲಿ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದದ್ದು ಇಂಥ ಅಂತರ ತುಂಬಲಿಕ್ಕೇ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಯಾದಗಿರಿಯದು 51.83, ಅಲ್ಲಿನ ಹೆಣ್ಣುಮಕ್ಕಳದು 41.38. ಈ ಜಿಲ್ಲೆಗಳ ಜನ ಕಟ್ಟಿದ ಕಟ್ಟಡಗಳಲ್ಲೇ ಬೆಂಗಳೂರಿನ ತಂತ್ರಾಂಶ ಕಂಪನಿಗಳು ಕೂತಿವೆ. ದೇಶದ ಅಭಿವೃದ್ಧಿಯ ಲೆಕ್ಕದಲ್ಲಿ ಆ ಕಟ್ಟಡ ಬರುತ್ತದೆ, ಅದರ ಶೆಡ್ಡಿನಲ್ಲಿ ಕೂತ ಅಕ್ಕ ಬರುವುದಿಲ್ಲ.

ಕೊನೆಯದಾಗಿ ಶಿಕ್ಷಕರ ದಿನಗಳ ವಿಷಯ. 2025ರಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಹಚ್ಚಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದಿರಿ. ಅದಾಗಿ ಎರಡೇ ದಿನಕ್ಕೆ ದೀಪಾವಳಿ. ಕಳೆದ ಪಾಠವನ್ನು ಆಮೇಲೆ ಹೆಚ್ಚುವರಿ ತರಗತಿಯಲ್ಲಿ ತುಂಬಿಸಬಹುದು ಎಂಬುದು ಊರಲ್ಲಿ ಉಳಿಯುವ ಮಕ್ಕಳಿಗೆ ಸರಿ. ಗುಳೆ ಮಕ್ಕಳಿಗೆ ‘ಆಮೇಲೆ’ ಇಲ್ಲ; ದಸರೆ-ದೀಪಾವಳಿ ನಡುವಿನ ಆ ಹತ್ತು ದಿನವೇ ಅವರ ವರ್ಷದ ಕೊನೆಯ ಪಾಠ, ಪ್ರಗತಿ ನೋಟ ಕೈಗೆ ಕೊಡುವ, ತಾಯಿಗೆ ನಿಲಯ ತೋರಿಸುವ ಸಮಯ. ಗುಳೆ ತಾಲ್ಲೂಕುಗಳಲ್ಲಿ ಈ ದಿನಗಳಿಗೆ ಕೈ ಹಾಕುವುದಿಲ್ಲ ಎಂದು ಬರೆದು ಕೊಡಿ. ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1, ಅಂದರೆ ಜನಸಂಖ್ಯೆಯ ಎಣಿಕೆ ಫೆಬ್ರುವರಿಯಲ್ಲಿ. ಎಣಿಕೆಗೆ ಹೋಗುವ ಶಿಕ್ಷಕರಿಗೆ ತಾಂಡಾಗಳಲ್ಲಿ ಸಿಗುವುದು ಸಾಲು ಸಾಲು ಬೀಗ. ಆ ಮನೆಗಳ ಮಕ್ಕಳು ಎಲ್ಲಿದ್ದಾರೆಂದು ಹೇಳಬಲ್ಲ ಕಾಗದ ಒಂದೇ, ಆಗಸ್ಟ್‌ನಲ್ಲಿ ಐದು ಪ್ರಶ್ನೆ ಕೇಳಿ ಮಾಡಿದ ಪಟ್ಟಿ. ಅದರ ಮಾದರಿ ನಮೂನೆ ಸಿದ್ಧಪಡಿಸಿದ್ದೇವೆ, ಒಂದು ಪುಟ. ಜುಲೈ ಕೊನೆಯೊಳಗೆ ಸುತ್ತೋಲೆ ಹೊರಟರೆ ಆಗಸ್ಟ್ 15ರಂದು ಶಾಲೆಗೆ ಬರುವ ತಂದೆತಾಯಿಯರ ಎದುರೇ ಅದನ್ನು ತುಂಬಲು ಶುರುಮಾಡಬಹುದು.

ಇಂತಿ,
ಗುಳೆ ತಾಲ್ಲೂಕುಗಳ ಶಿಕ್ಷಕರು, ಎಸ್‌ಡಿಎಂಸಿ ಸದಸ್ಯರು ಮತ್ತು ಅಂಗನವಾಡಿ ಕಾರ್ಯಕರ್ತೆಯರು